ಆನ್‌ಫೀಲ್ಡ್ ರೋಡ್ ಸ್ಟ್ಯಾಂಡ್: ಮೇಲಿನ ಅಂತಸ್ತಿನ ಸೀಟು ಹೇಗಿದೆ?

ಇಂಗ್ಲೆಂಡಿನ ಫುಟ್‌ಬಾಲ್ ಕ್ಲಬ್ ಲಿವರ್‌ಪೂಲ್‌ನ ಪಂದ್ಯಕ್ಕೆ ಟಿಕೆಟ್ ಸಿಕ್ಕಿ, ಸೀಟು ಅವರ ಆನ್‌ಫೀಲ್ಡ್ ಸ್ಟೇಡಿಯಂನ ಆನ್‌ಫೀಲ್ಡ್ ರೋಡ್ ಸ್ಟ್ಯಾಂಡಿನ ಮೇಲಿನ ಅಂತಸ್ತಿನಲ್ಲಿ ಬಂದರೆ ಬೇಜಾರು ಮಾಡಿಕೊಳ್ಳಬೇಡಿ. ಗೋಲಿನ ಹಿಂದೆ, ಅಷ್ಟು ಎತ್ತರದಲ್ಲಿ ಕೂತರೆ ಏನು ಕಾಣುತ್ತದೆ ಅಂತ ನನ್ನ ತಮ್ಮನೂ ಕೇಳಿದ್ದ. ಟಿವಿಯಲ್ಲಿ ಸಿಗದ ಆಟವೇ ಕಾಣುತ್ತದೆ. ಡಿಫೆನ್ಸ್‌ನ ನಾಲ್ವರೂ ಒಂದೇ ಗೆರೆಯಲ್ಲಿ ಮುಂದೆ ಸರಿಯುವುದು, ಅಂಚಿನಲ್ಲಿ ಆಡುವ ಡಿಫೆಂಡರ್, ಅಂದರೆ ಫುಲ್‌ಬ್ಯಾಕ್, ಮುಂದೆ ಓಡಿದಾಗ ಅವನ ಹಿಂದೆ ಖಾಲಿಯಾಗುವ ಜಾಗ, ಚೆಂಡು ಅಲ್ಲಿಗೆ ಬೀಳುವ ಮುಂಚೆಯೇ ಗೋಲ್‌ಕೀಪರ್ ಎರಡು ಹೆಜ್ಜೆ ಮುಂದೆ ಬರುವುದು, ಎಲ್ಲಾ ಕಣ್ಣೆದುರೇ. ಕಂಬ ಅಡ್ಡ ಬರುವುದಿಲ್ಲ. ಮುಖ ಮಾತ್ರ ಕಾಣಲ್ಲ, ಓಡುವ ರೀತಿ ನೋಡಿಯೇ ಆಟಗಾರ ಯಾರು ಅಂತ ಗುರುತು ಹಿಡಿಯಬೇಕು.

ನೇರ ಎದುರಿಗೆ, ಇನ್ನೊಂದು ಗೋಲಿನ ಹಿಂದೆ, ಕೋಪ್ ಅನ್ನುವ ಸ್ಟ್ಯಾಂಡ್. ಒಂದು ಕಾಲದಲ್ಲಿ ಅಲ್ಲಿ 25,000ಕ್ಕೂ ಜಾಸ್ತಿ ಜನ ನಿಂತು ನೋಡುತ್ತಿದ್ದರು. ನೂಕುನುಗ್ಗಲಿನಲ್ಲಿ ಲಿವರ್‌ಪೂಲ್ ಅಭಿಮಾನಿಗಳು ಸತ್ತ 1989ರ ಹಿಲ್ಸ್‌ಬರೋ ಸ್ಟೇಡಿಯಂ ದುರಂತದ ನಂತರ ಇಂಗ್ಲೆಂಡಿನ ದೊಡ್ಡ ಸ್ಟೇಡಿಯಂಗಳಲ್ಲೆಲ್ಲ ಸೀಟು ಕಡ್ಡಾಯವಾಯಿತು. ಈಗ ಅದರಲ್ಲಿ 12,000 ಚಿಲ್ಲರೆ ಸೀಟುಗಳಿವೆ. ಪಂದ್ಯಕ್ಕೆ ಮುಂಚೆ ಅಷ್ಟೂ ಜನ ಕೆಂಪು ಸ್ಕಾರ್ಫ್ ಎತ್ತಿ ಹಾಡುವಾಗ ಅದನ್ನು ಇಡಿಯಾಗಿ ನೋಡಬೇಕಾದರೆ ಈ ಸೀಟಿಗಿಂತ ಒಳ್ಳೆಯದು ಇನ್ನೊಂದಿಲ್ಲ.

ನನಗೆ ಇನ್ನೂ ಇಷ್ಟವಾದದ್ದು ಈ ಸ್ಟೇಡಿಯಂ ಬೆಳೆಸಿದ ರೀತಿ. ಪಕ್ಕದ ಸ್ಟ್ಯಾನ್ಲಿ ಪಾರ್ಕಿನಲ್ಲಿ ಹೊಸ ಸ್ಟೇಡಿಯಂ ಕಟ್ಟುವ ಮಾತು ವರ್ಷಗಟ್ಟಲೆ ನಡೆದಿತ್ತು. 2012ರಲ್ಲಿ ಅದನ್ನು ಬಿಟ್ಟು, ಇದ್ದ ಜಾಗದಲ್ಲೇ ಉಳಿದರು. 2016ರಲ್ಲಿ ಮೇನ್ ಸ್ಟ್ಯಾಂಡಿಗೆ ಸುಮಾರು 8,500 ಸೀಟು ಸೇರಿತು. ಆಮೇಲೆ ಆನ್‌ಫೀಲ್ಡ್ ರೋಡ್ ಸ್ಟ್ಯಾಂಡಿಗೆ 7,000. ಇಡೀ ಸ್ಟೇಡಿಯಂನ ಸೀಟು ಈಗ 61,000 ದಾಟಿದೆ. ಹಳೆಯ ಸ್ಟ್ಯಾಂಡಿನ ಹಿಂದೆ, ಅದರ ತಲೆಯ ಮೇಲೆ ಹೊಸ ಅಂತಸ್ತು ಎಬ್ಬಿಸಿದರು, ಹಿಂದಿನ ರಸ್ತೆಯನ್ನೇ ಸುತ್ತಿಸಿದರು. ಅಷ್ಟರಲ್ಲೂ ಕೆಳಗೆ ಪಂದ್ಯ ನಡೆಯುತ್ತಲೇ ಇತ್ತು! 2023ರಲ್ಲಿ ಗುತ್ತಿಗೆದಾರ ಬಕಿಂಗ್‌ಹ್ಯಾಮ್ ಗ್ರೂಪ್ ದಿವಾಳಿಯಾಗಿ ಕೆಲಸ ತಡವಾಯಿತು. ಹಾಗಾಗಿ ಮೇಲಿನ ಅಂತಸ್ತು ಸ್ವಲ್ಪ ಸ್ವಲ್ಪವಾಗಿ ತೆರೆಯಿತು. ಹಳೆಯ ಮೈದಾನ ಹೈಬರಿ ಬಿಟ್ಟ ಆರ್ಸೆನಲ್, ಗುಡಿಸನ್ ಬಿಟ್ಟ ಎವರ್ಟನ್ ಕ್ಲಬ್‌ಗಳು ಚೆಂದದ ಸ್ಟೇಡಿಯಂ ಕಟ್ಟಿಕೊಂಡಿವೆ, ಇಲ್ಲ ಅನ್ನಲ್ಲ. ಆದರೆ ತಲೆಮಾರುಗಳಿಂದ ಬರುತ್ತಿರುವವರಿಗೆ ಅದೇ ಬೀದಿ, ಅದೇ ಗೇಟು ಸಿಗುವುದು ದೊಡ್ಡ ವಿಷಯ ಅಲ್ವಾ?

ಇದಕ್ಕೆ ಬೆಲೆ ತೆತ್ತವರೂ ಇದ್ದಾರೆ. ವಿಸ್ತರಣೆಯ ಹೆಸರಿನಲ್ಲಿ ಸುತ್ತಲಿನ ಎಷ್ಟೋ ಮನೆಗಳು ವರ್ಷಗಟ್ಟಲೆ ಕಿಟಕಿ ಬಾಗಿಲಿಗೆ ಹಲಗೆ ಹೊಡೆಸಿಕೊಂಡು ಖಾಲಿ ಬಿದ್ದಿದ್ದವು. ಮೇನ್ ಸ್ಟ್ಯಾಂಡಿನಲ್ಲಿ 77 ಪೌಂಡಿನ ಟಿಕೆಟ್ ತರಲು ಹೊರಟಾಗ, 2016ರ ಫೆಬ್ರವರಿಯಲ್ಲಿ ಸಾವಿರಾರು ಜನ 77ನೇ ನಿಮಿಷಕ್ಕೆ ಎದ್ದು ಹೊರನಡೆದರು. ಮಾಲೀಕರು ಕ್ಷಮೆ ಕೇಳಿ ಬೆಲೆ ಇಳಿಸಿದರು. ಸೀಟು ಹೆಚ್ಚಿಸುವವರು ಊರಿನವರ ಜೇಬನ್ನೂ ನೋಡಬೇಕು ಅಂತ ಅವತ್ತು ಎದ್ದು ಹೋದ ಅಭಿಮಾನಿಗಳೇ ತೋರಿಸಿಕೊಟ್ಟರು.

ಹೋಗುವವರಿಗೆ ಎರಡು ಮಾತು. ಹತ್ತಿರದಲ್ಲಿ ರೈಲು ನಿಲ್ದಾಣ ಇಲ್ಲ. ಸ್ಯಾಂಡ್‌ಹಿಲ್ಸ್ ನಿಲ್ದಾಣದಲ್ಲಿ ಇಳಿದು, ಪಂದ್ಯದ ದಿನ ಸ್ಟೇಡಿಯಂಗೆ ಓಡುವ ಸಾಕರ್‌ಬಸ್ ಹಿಡಿಯಿರಿ. ಪಂದ್ಯ ಮುಗಿದ ಮೇಲೆ ಅವಸರ ಬೇಡ, ಇಷ್ಟು ಜನ ಆ ಸಣ್ಣ ಬೀದಿಗಳಲ್ಲಿ ಕರಗಲು ಹೊತ್ತು ಬೇಕು. ಮೆಟ್ಟಿಲು ಜಾಸ್ತಿ. ಮೊಣಕಾಲು ನೋವಿನವರು ಜೊತೆಗಿದ್ದರೆ ಕೆಳಗಿನ ಅಂತಸ್ತಿಗೇ ಪ್ರಯತ್ನಿಸಿ.