1911ರ ರೂಪಾಯಿಗೆ ಎನ್‌ಜಿಸಿ ಗ್ರೇಡಿಂಗ್: ಕೊಟ್ಟ ದುಡ್ಡಿಗೆ ಸಿಕ್ಕಿದ್ದೇನು?

ನಾಣ್ಯದ ಹುಚ್ಚು ಇರುವವರಿಗೆ ‘ಪಿಗ್ ರುಪೀ’ ಬಗ್ಗೆ ಹೇಳಬೇಕಾಗಿಲ್ಲ. 1911ರ ಐದನೇ ಜಾರ್ಜ್ ಬೆಳ್ಳಿ ರೂಪಾಯಿ. ರಾಜನ ನಿಲುವಂಗಿ ಮೇಲಿನ ಆನೆ ಹಂದಿ ಥರ ಕಾಣುತ್ತೆ ಅಂತ ಗಲಾಟೆಯಾಗಿ, ಸರ್ಕಾರ ನಾಣ್ಯವನ್ನೇ ವಾಪಸ್ ತರಿಸಿಕೊಂಡು ಕರಗಿಸಿ, 1912ರಲ್ಲಿ ಆನೆಯ ಚಿತ್ರವನ್ನು ತಿದ್ದಿತು. ಅದನ್ನೂ 1862ರ ಒಂದು ವಿಕ್ಟೋರಿಯಾ ರೂಪಾಯಿಯನ್ನೂ ಡೀಲರ್ ಒಬ್ಬರ ಮೂಲಕ ನಾಣ್ಯ ಪರೀಕ್ಷಿಸಿ ಅದರ ಸ್ಥಿತಿಗೆ ಅಂಕ ಕೊಡುವ (ಅದೇ ಗ್ರೇಡಿಂಗ್) ಅಮೆರಿಕದ ಎನ್‌ಜಿಸಿ ಕಂಪನಿಗೆ ಕಳಿಸಿದ್ದೆ.

ಅಲ್ಲಿ ಮೊದಲು ನೋಡುವುದು ನಾಣ್ಯ ಅಸಲಿಯೋ ನಕಲಿಯೋ ಅಂತ. ಆಮೇಲೆ ಒಬ್ಬರಿಗಿಂತ ಹೆಚ್ಚು ಜನ ನೋಡಿ 1ರಿಂದ 70ರೊಳಗೆ ಅಂಕ ಕೊಡುತ್ತಾರೆ. ನಾಣ್ಯ ಯಾರದು ಅಂತ ಅವರಿಗೆ ಗೊತ್ತಿರುವುದಿಲ್ಲ. ಈ ಅಳತೆ 1949ರಲ್ಲಿ ಶೆಲ್ಡನ್ ಎಂಬಾತ ಅಮೆರಿಕದ ಹಳೇ ತಾಮ್ರದ ಸೆಂಟ್‌ಗಳಿಗೆ ಮಾಡಿದ್ದು. 60 ಅಥವಾ ಅದಕ್ಕಿಂತ ಹೆಚ್ಚು ಬಂದರೆ ಚಲಾವಣೆಯಲ್ಲಿ ಸವೆದಿಲ್ಲ ಅಂತ ಅರ್ಥ. ನನ್ನ 1911ಕ್ಕೆ ಎಯು 58 (ಎಯು ಅಂದರೆ ಹೆಚ್ಚುಕಡಿಮೆ ಸವೆಯದ್ದು) ಬಂತು. ರಾಜನ ಕೆನ್ನೆ, ಕಿರೀಟ ಥರದ ಉಬ್ಬಿದ ಕಡೆ ಚೂರೇ ಚೂರು ಸವೆತ, ಬರಿಗಣ್ಣಿಗೆ ಸುಲಭಕ್ಕೆ ಕಾಣಲ್ಲ, ಆದರೆ 63ಕ್ಕೂ ಇದಕ್ಕೂ ಬೆಲೆಯಲ್ಲಿ ಒಳ್ಳೇ ವ್ಯತ್ಯಾಸ ಬೀಳುತ್ತದೆ.

ವಿಕ್ಟೋರಿಯಾಗೆ ಅಂಕವೇ ಇಲ್ಲ! ‘ಡೀಟೇಲ್ಸ್, ಮೌಂಟ್ ರಿಮೂವ್ಡ್’ ಅಂತ ಬರೆದು ಕಳಿಸಿದರು. ಯಾವುದೋ ಕಾಲದಲ್ಲಿ ಸರಕ್ಕೆ ಪೋಣಿಸಲು ಕೊಂಡಿ ಬೆಸೆದು, ಆಮೇಲೆ ಕಿತ್ತು ಉಜ್ಜಿದ್ದಾರೆ. ನಮ್ಮ ಕಡೆ ಎಷ್ಟು ರೂಪಾಯಿಗಳು ಹೀಗೆ ಕೊರಳಿನ ಸರಕ್ಕೆ ಹೋಗಿವೆಯೋ! ನನಗೆ ಮಾರಿದವರು ಮಾತ್ರ ‘ಪಕ್ಕಾ ಯುಎನ್‌ಸಿ ಸಾರ್’, ಅಂದರೆ ಚಲಾವಣೆಯಲ್ಲಿ ಸವೆಯದ್ದು, ಅಂದಿದ್ದರು. ಅಂಚಿನ ಆ ಗುರುತು ಹಿಡಿದು ಕೊಟ್ಟಿದ್ದಕ್ಕೇ ಕೊಟ್ಟ ದುಡ್ಡು ವಸೂಲಾಯಿತು ಅನ್ನಿಸಿತು.

ಬೇಜಾರೂ ಇದೆ. ಫೀಸು, ಕೊರಿಯರ್, ವಿಮೆ, ಡೀಲರ್ ಕಮಿಷನ್ ಎಲ್ಲ ಸೇರಿದರೆ ಸಾಧಾರಣ ಬೆಳ್ಳಿ ರೂಪಾಯಿಯ ಬೆಲೆಯನ್ನೇ ಮೀರಬಹುದು, ಅಂಥವನ್ನು ಸುಮ್ನೆ ಕಳಿಸಬೇಡಿ. ಅಂಕವೂ ಕೊನೆಗೆ ಮನುಷ್ಯರ ಅಭಿಪ್ರಾಯವೇ ಅಲ್ವಾ, ಅದೇ ನಾಣ್ಯ ಮತ್ತೆ ಕಳಿಸಿದರೆ ಒಂದಂಕ ಆಚೀಚೆ ಆಗಬಹುದು. ಅವರು ನಾಣ್ಯ ಮುಚ್ಚಿ ಕೊಡುವ ಗಟ್ಟಿ ಪ್ಲಾಸ್ಟಿಕ್ ಡಬ್ಬಿ, ಅಂದರೆ ಸ್ಲ್ಯಾಬ್ ಒಳಗಿದ್ದರೆ, ರೂಪಾಯಿಯ ಸರಿಯಾದ ತೂಕ 11.66 ಗ್ರಾಂ ಇದೆಯಾ ಅಂತ ತೂಗಿ ನೋಡುವ ಹಾಗೂ ಇಲ್ಲ. ಸ್ಲ್ಯಾಬಿನಲ್ಲೂ ನಕಲಿ ಬಂದಿವೆ, ಕೊಳ್ಳುವ ಮುಂಚೆ ಅದರ ನಂಬರನ್ನು ಎನ್‌ಜಿಸಿ ವೆಬ್‌ಸೈಟಿನಲ್ಲಿ ಹಾಕಿ, ಫೋಟೊ ಇದ್ದರೆ ಗೀರುಗಳನ್ನೂ ಹೋಲಿಸಿ ನೋಡಿ.

ಇಷ್ಟಾದರೂ 1939ರ ಆರನೇ ಜಾರ್ಜ್ ರೂಪಾಯಿಯನ್ನು ಗ್ರೇಡಿಂಗ್ ಇಲ್ಲದೆ ಬರೀ ಪ್ಲಾಸ್ಟಿಕ್ ಕವರಿನಲ್ಲಿ ಯಾರಾದರೂ ಕೊಡಲು ಬಂದರೆ ನಾನಂತೂ ಕೊಳ್ಳಲ್ಲ. ಅದರ ನಕಲಿಗಳು ಅಷ್ಟು ಓಡಾಡುತ್ತಿವೆ.