ಉಪ್ಪಿನಕಾಯಿ ಅಂಗಡಿಯ ವೆಬ್‌ಸೈಟ್: ರಿಪೇರಿ ಸಾಕೇ, ಹೊಸದೇ ಬೇಕೇ? ಒಂದು ಸೇವೆಯ ವಿಮರ್ಶೆ

ಸಾಗರ ತಾಲ್ಲೂಕಿನ ನಮ್ಮ ಮನೆಯಲ್ಲಿ ಅತ್ತಿಗೆಯವರು ನಡೆಸುವ ಉಪ್ಪಿನಕಾಯಿ ಗೃಹೋದ್ಯಮಕ್ಕೆ 2011ರಿಂದಲೂ ಒಂದು ವೆಬ್‌ಸೈಟ್ ಇತ್ತು. 2024ರ ನವೆಂಬರಿನಲ್ಲಿ ಅದನ್ನು ಶಿವಮೊಗ್ಗದ ಒಂದು ಸಣ್ಣ ಕಚೇರಿಗೆ ಒಪ್ಪಿಸಿ ಹೊಸದಾಗಿ ಕಟ್ಟಿಸಿದೆವು. ಆರ್ಡರು, ಪಾರ್ಸೆಲ್ಲು, ಲೆಕ್ಕಪತ್ರಗಳನ್ನು ನೋಡಿಕೊಳ್ಳುವವನು ನಾನಾದ್ದರಿಂದ ಈ ಕೆಲಸದ ಜವಾಬ್ದಾರಿಯೂ ನನ್ನ ತಲೆಗೇ ಬಂತು. ಕಚೇರಿಯ ಹೆಸರನ್ನು ಬರೆಯುತ್ತಿಲ್ಲ. ಆದ ತಪ್ಪುಗಳಲ್ಲಿ ಅರ್ಧದಷ್ಟು ನಮ್ಮವೇ ಆಗಿರುವಾಗ ಅವರೊಬ್ಬರ ಹೆಸರನ್ನು ಮಾತ್ರ ಮುಂದಿಡುವುದು ಸರಿಯಲ್ಲ.

ಸೈಟ್ ಬದಲಿಸಬೇಕೆಂಬ ಮಾತನ್ನು ಮೊದಲು ಎತ್ತಿದವನು ಅಣ್ಣನ ಮಗ. ಅವನ ದೂರು ಬಣ್ಣದ ಮೇಲೆ, ಅಕ್ಷರದ ಮೇಲೆ, ಒಟ್ಟಿನಲ್ಲಿ ಚಂದದ ಮೇಲೆ. ಚಂದ ಇಲ್ಲ ಎಂಬ ಕಾರಣಕ್ಕೆ ದುಡ್ಡು ಖರ್ಚು ಮಾಡುವ ಮನೆ ನಮ್ಮದಲ್ಲ. ನನ್ನನ್ನು ಯೋಚನೆಗೆ ಹಚ್ಚಿದ್ದು ಫೋನು. ಉಪ್ಪಿನಕಾಯಿಗೆ ಹಾಕುವ ಎಳೆ ಮಾವು ಅಪ್ಪೆಮಿಡಿಯ ಕಾಲದಲ್ಲಿ ದಿನವಿಡೀ ಕರೆ ಬರುವುದು ಹೊಸತಲ್ಲವಾದರೂ, ಒಂದು ವಾರ ಬಂದ ಕರೆಗಳನ್ನೆಲ್ಲ ಪುಸ್ತಕದಲ್ಲಿ ಬರೆದಿಟ್ಟು ನೋಡಿದಾಗ, ಅರ್ಧ ಕೆ.ಜಿ.ಗೆ ಎಷ್ಟು, ಮಾಳಂಜಿ ತಳಿಯ ಅಪ್ಪೆಯದು ಇದೆಯೇ, ಬೆಂಗಳೂರಿಗೆ ಕಳಿಸುತ್ತೀರಾ, ಎಷ್ಟು ದಿನ ಕೆಡುವುದಿಲ್ಲ ಎಂಬ ನಾಲ್ಕೇ ಪ್ರಶ್ನೆಗಳು ಮತ್ತೆ ಮತ್ತೆ ಬಂದಿದ್ದವು. ಈ ನಾಲ್ಕಕ್ಕೂ ಸೈಟಿನಲ್ಲಿ ಉತ್ತರವಿತ್ತು. ಕರೆ ಮಾಡಿದವರಲ್ಲಿ ಹೆಚ್ಚಿನವರು ನಮ್ಮ ನಂಬರನ್ನು ತೆಗೆದುಕೊಂಡದ್ದೂ ಸೈಟಿನಿಂದಲೇ. ಅಂದರೆ ಅವರು ಅಲ್ಲಿಗೆ ಹೋಗಿದ್ದರು, ಬೇಕಾದದ್ದನ್ನು ಓದಲಾಗದೆ ತಿರುಗಿ ಬಂದಿದ್ದರು.

ಶಿವಮೊಗ್ಗದವರ ಕೆಲಸದಲ್ಲಿ ನಾನು ಎಲ್ಲಕ್ಕಿಂತ ಹೆಚ್ಚು ಅಂಕ ಕೊಡುವುದು ಅವರ ಮೊದಲ ಭೇಟಿಗೆ. ಅದಕ್ಕೂ ಮುಂಚೆ ಬೇರೊಬ್ಬರು ನಮ್ಮ ಸೈಟನ್ನು ತೆರೆದೂ ನೋಡದೆ ಇಷ್ಟು ಪುಟಕ್ಕೆ ಇಷ್ಟು ರೂಪಾಯಿ ಎಂದು ವಾಟ್ಸಾಪಿನಲ್ಲಿ ದರಪಟ್ಟಿ ಕಳಿಸಿದ್ದರು. ಇವರು ಮನೆಗೇ ಬಂದರು, ಚಹಾ ಕುಡಿದರು, ಅತ್ತಿಗೆಯದೇ ಫೋನನ್ನು ಅತ್ತಿಗೆಯ ಕೈಗೆ ಕೊಟ್ಟು, "ಅಕ್ಕಾ, ನಿಮ್ಮ ಅಂಗಡಿಯಿಂದಲೇ ಅರ್ಧ ಕೆ.ಜಿ. ಉಪ್ಪಿನಕಾಯಿ ತರಿಸಿಕೊಳ್ಳಿ ನೋಡೋಣ" ಎಂದು ಸುಮ್ಮನೆ ಕುಳಿತರು. ಅತ್ತಿಗೆ ಎರಡು ಬೆರಳಿನಿಂದ ಪುಟವನ್ನು ಹಿಗ್ಗಿಸಿ, ಎಡಕ್ಕೆ ಎಳೆದು, ಬಲಕ್ಕೆ ಎಳೆದು, ಇರುವೆ ಗಾತ್ರದ ಗುಂಡಿಯೊಂದನ್ನು ಒತ್ತಲು ಹೋಗಿ ಪಕ್ಕದ್ದನ್ನು ಒತ್ತಿ, ಕಡೆಗೆ ಫೋನನ್ನು ಚಾಪೆಯ ಮೇಲಿಟ್ಟು, "ಇದಕ್ಕಿಂತ ಫೋನು ಮಾಡಿ ಹೇಳುವುದೇ ಸುಲಭ" ಎಂದರು. ಅದುವರೆಗೆ ನಾವ್ಯಾರೂ ನಮ್ಮ ಅಂಗಡಿಗೆ ಗಿರಾಕಿಯಾಗಿ ಹೋಗಿರಲಿಲ್ಲ.

ಆಮೇಲೆ ಅವರು ಒಂದು ಹಾಳೆಯ ನಡುವೆ ಗೆರೆ ಎಳೆದು, ರಿಪೇರಿಯಿಂದ ಸರಿಹೋಗುವ ದೋಷಗಳನ್ನು ಒಂದು ಬದಿಗೆ, ಹೋಗದವನ್ನು ಇನ್ನೊಂದು ಬದಿಗೆ ಬರೆದರು. ಬ್ರೌಸರಿನ ನೆತ್ತಿಯಲ್ಲಿ ಸೈಟಿನ ವಿಳಾಸದ ಪಕ್ಕದಲ್ಲಿ ‘ಸುರಕ್ಷಿತವಲ್ಲ’ ಎಂದು ಕಾಣಿಸುತ್ತಿದ್ದುದೇ ನಮಗೆ ದೊಡ್ಡ ಅಪಮಾನವಾಗಿ ತೋರಿತ್ತು. ಅದು ರಿಪೇರಿಯ ಬದಿಗೆ ಬಿತ್ತು. ಮಾಹಿತಿಯನ್ನು ಗೂಢಲಿಪಿಯಲ್ಲಿ ಕಳಿಸುವ ಎಚ್‌ಟಿಟಿಪಿಎಸ್ ವ್ಯವಸ್ಥೆ ಇಲ್ಲದ ಎಲ್ಲ ತಾಣಗಳಿಗೂ ಕ್ರೋಮ್ 2018ರ ಜುಲೈನಿಂದ ಹಾಗೆ ಬರೆಯುತ್ತಿದೆ. ಅದಕ್ಕೆ ಬೇಕಾದ ಪ್ರಮಾಣಪತ್ರವನ್ನು ಲೆಟ್ಸ್ ಎನ್‌ಕ್ರಿಪ್ಟ್ ಎಂಬ ಸಂಸ್ಥೆ ಉಚಿತವಾಗಿ ಕೊಡುತ್ತದೆ, ಅವಧಿ ಮುಗಿಯುವ ಮೊದಲೇ ಅದು ತಾನಾಗಿ ನವೀಕರಣವಾಗುವಂತೆ ಸರ್ವರಿನಲ್ಲಿ ವ್ಯವಸ್ಥೆ ಮಾಡಿಟ್ಟರಾಯಿತು. ಪುಟದ ಅಡಿಯಲ್ಲಿ, 2017ರ ಜುಲೈನಲ್ಲಿ ಜಿಎಸ್‌ಟಿ ಬಂದು ಏಳು ವರ್ಷ ಕಳೆದಿದ್ದರೂ, ಹಿಂದಿನ ವ್ಯಾಟ್ ತೆರಿಗೆಯ ಕಾಲದ ಟಿನ್ ಎಂಬ ನೋಂದಣಿ ಸಂಖ್ಯೆ ಇನ್ನೂ ಕುಳಿತಿತ್ತು. ಆಹಾರ ಪದಾರ್ಥ ಮಾರುವವರಿಗೆ ಇರಬೇಕಾದ ಆಹಾರ ಸುರಕ್ಷತಾ ಪ್ರಾಧಿಕಾರದ (ಎಫ್‌ಎಸ್‌ಎಸ್‌ಎಐ) 14 ಅಂಕಿಯ ಸಂಖ್ಯೆ ಬಾಟಲಿಯ ಚೀಟಿಯ ಮೇಲಿತ್ತು, ಸೈಟಿನಲ್ಲಿರಲಿಲ್ಲ. ಇವನ್ನೆಲ್ಲ ಅವರು ಹಳೆಯ ಸೈಟಿನಲ್ಲೇ ಎರಡು ದಿನದಲ್ಲಿ ಸರಿಮಾಡಿ, ಅದಕ್ಕೆ ಮೂರು ಸಾವಿರ ರೂಪಾಯಿ ಮಾತ್ರ ತೆಗೆದುಕೊಂಡರು, ಮತ್ತು ಇಷ್ಟೇ ನಿಮ್ಮ ತೊಂದರೆಯಾಗಿದ್ದರೆ ಹೊಸ ಸೈಟ್ ಬೇಡ ಎಂದೂ ಹೇಳಿದರು.

ಗೆರೆಯ ಆಚೆ ಬದಿಯಲ್ಲಿ ಉಳಿದವು ಮೂರು. ಮೊದಲನೆಯದು ಫೋನಿನದು. 2011ರಲ್ಲಿ ನಮ್ಮ ಪುಟಗಳನ್ನು 960 ಪಿಕ್ಸೆಲ್ ಅಗಲದ ಕೋಷ್ಟಕಗಳೊಳಗೆ ಕೂರಿಸಲಾಗಿತ್ತು. ಪರದೆ ಎಷ್ಟೇ ಕಿರಿದಾದರೂ ಅವು ಕುಗ್ಗುವುದಿಲ್ಲ, ಸಾಲುಗಳು ಮುರಿದು ಕೆಳಗಿಳಿಯುವುದಿಲ್ಲ. ಗೂಗಲ್ ಕೂಡ ಈಗ ಪುಟಗಳನ್ನು ತನ್ನ ಸೂಚಿಗೆ ಸೇರಿಸಿಕೊಳ್ಳುವಾಗ ಫೋನಿನಲ್ಲಿ ಕಾಣುವ ರೂಪವನ್ನೇ ಆಧಾರವಾಗಿಟ್ಟುಕೊಳ್ಳುತ್ತದೆ. 2016ರಲ್ಲಿ ಘೋಷಿಸಿದ ಈ ಬದಲಾವಣೆ 2023ರಲ್ಲಿ ಮುಗಿಯಿತು. ಹೀಗೆ ಕಟ್ಟಿದ ಪುಟಕ್ಕೆ ತೇಪೆ ಹಾಕುವುದಕ್ಕಿಂತ ಮೊದಲಿನಿಂದ ಬರೆಯುವುದೇ ಅಗ್ಗ.

ಎರಡನೆಯದು ನಾನು ಊಹಿಸಿಯೂ ಇರದಿದ್ದ ದೋಷ. ನಮ್ಮ ಕನ್ನಡ ಪುಟಗಳನ್ನು ಎಲ್ಲ ಫೋನು, ಕಂಪ್ಯೂಟರುಗಳೂ ಓದಬಲ್ಲ ಯೂನಿಕೋಡಿನಲ್ಲಲ್ಲ, ಆಗ ಡಿಟಿಪಿಯಲ್ಲಿ ಹೆಚ್ಚಾಗಿ ಬಳಸುತ್ತಿದ್ದ ನುಡಿ ತಂತ್ರಾಂಶದ ಹಳೆಯ ಆಸ್ಕಿ ಸಂಕೇತದಲ್ಲಿ, ಅಂದರೆ ರೋಮನ್ ಅಕ್ಷರಗಳ ಸಂಕೇತಗಳಿಗೇ ಕನ್ನಡದ ರೂಪ ತೊಡಿಸುವ ಕ್ರಮದಲ್ಲಿ, ಬೆರಳಚ್ಚು ಮಾಡಿಸಲಾಗಿತ್ತು. ‘ಈ ತಾಣವನ್ನು ಓದಲು ನುಡಿ ಫಾಂಟ್ ಇಳಿಸಿಕೊಳ್ಳಿ’ ಎಂಬ ಸಾಲು ಮುಖಪುಟದ ನೆತ್ತಿಯ ಮೇಲೆ ಹದಿಮೂರು ವರ್ಷವೂ ಇತ್ತು. ಫಾಂಟ್ ಇದ್ದ ನಮ್ಮ ಮನೆಯ ಕಂಪ್ಯೂಟರಿನಲ್ಲಿ ಮುದ್ದಾದ ಕನ್ನಡವಾಗಿ ಕಾಣುತ್ತಿದ್ದದ್ದು ಫೋನಿನಲ್ಲಿ ತಲೆಯ ಮೇಲೆ ಕೊಂಬು, ಚುಕ್ಕಿ ಹೊತ್ತ ರೋಮನ್ ಅಕ್ಷರಗಳ ಗೊಂಚಲಾಗಿ ಕಾಣುತ್ತಿತ್ತು. ಗೂಗಲ್‌ಗೂ ಅದು ಕನ್ನಡವಾಗಿರಲಿಲ್ಲ. ‘ಅಪ್ಪೆಮಿಡಿ ಉಪ್ಪಿನಕಾಯಿ’ ಎಂದು ಕನ್ನಡದಲ್ಲಿ ಹುಡುಕಿದವರಿಗೆ ನಾವು ಒಮ್ಮೆಯೂ ಸಿಕ್ಕಿರಲಾರೆವು. ಕನ್ನಡದಲ್ಲಿ ಸೈಟ್ ಇದೆ ಎಂದು ಅಷ್ಟು ವರ್ಷ ಹೆಮ್ಮೆಪಟ್ಟುಕೊಂಡಿದ್ದೆವಲ್ಲ, ಅದು ಇದ್ದದ್ದು ನಮ್ಮ ಮನೆಯ ಒಂದು ಮೇಜಿನ ಮೇಲೆ ಮಾತ್ರ.

ಮೂರನೆಯದು ಕೀಲಿಕೈಯದು. ದರಪಟ್ಟಿ ಒಂದು ಚಿತ್ರವಾಗಿತ್ತು. ಬೆಲೆ ಬದಲಾದರೆ ಸೈಟ್ ಮಾಡಿಕೊಟ್ಟ ಹುಡುಗನಿಗೆ ಹೇಳಿ ಹೊಸ ಚಿತ್ರ ಹಾಕಿಸಬೇಕಿತ್ತು, ಅವನೋ ಬೆಂಗಳೂರಿನಲ್ಲಿ ಕೆಲಸಕ್ಕೆ ಸೇರಿ ಎಷ್ಟೋ ವರ್ಷವಾಗಿತ್ತು. ಸಾಲದ್ದಕ್ಕೆ ಡೊಮೇನ್, ಅಂದರೆ ಸೈಟಿನ ವಿಳಾಸದ ಹೆಸರು ಕೂಡ ಅವನ ಹೆಸರಿನಲ್ಲೇ ನೋಂದಣಿಯಾಗಿತ್ತು. ಒಳ್ಳೆಯ ಹುಡುಗನಾದ್ದರಿಂದ ಕೇಳಿದೊಡನೆ ವರ್ಗಾಯಿಸಿಕೊಟ್ಟ, ಆದರೂ ಅವನ ಹಳೆಯ ಇಮೇಲ್ ಖಾತೆಯ ಪಾಸ್‌ವರ್ಡ್ ಹುಡುಕುವುದರಲ್ಲಿಯೇ ಮೂರು ವಾರ ಹೋಯಿತು. ಸೈಟ್ ಹೊಸದು ಮಾಡಿಸುವವರು ಬಣ್ಣದ ವಿಚಾರ ಮಾತನಾಡುವ ಮೊದಲು ಡೊಮೇನ್ ಯಾರ ಹೆಸರಿನಲ್ಲಿದೆ ಎಂದು ನೋಡಿಕೊಳ್ಳುವುದು ಕ್ಷೇಮ.

ಹೊಸ ಸೈಟನ್ನು ಸೈಟ್ ಕಟ್ಟುವ ವರ್ಡ್‌ಪ್ರೆಸ್ ಮತ್ತು ಅದಕ್ಕೆ ಅಂಗಡಿಯನ್ನು ಜೋಡಿಸುವ ವೂಕಾಮರ್ಸ್ ಬಳಸಿ ಕಟ್ಟಿದರು. ತಂತ್ರಾಂಶ ಉಚಿತ, ಕೂಲಿ 48 ಸಾವಿರ, ಸೈಟನ್ನು ಸರ್ವರಿನಲ್ಲಿ ಇಡುವ ಹೋಸ್ಟಿಂಗ್ ಬಾಡಿಗೆ ಬೇರೆ. ಆರು ವಾರ ಎಂದದ್ದು ಹನ್ನೊಂದಾಯಿತು, ಅದರಲ್ಲಿ ಮೂರು ನಮ್ಮ ಲೆಕ್ಕಕ್ಕೆ. ಆದರೆ ಕಟ್ಟುವ ಹಂತದಲ್ಲಿ ಮೊದಲ ದಿನದ ಎಚ್ಚರ ಅವರಲ್ಲಿ ಉಳಿಯಲಿಲ್ಲ. ಹಳೆಯ ಸಂಕೇತದ ಕನ್ನಡವನ್ನು ಯೂನಿಕೋಡಿಗೆ ಬದಲಿಸುವ ಪರಿವರ್ತಕಕ್ಕೆ ಹಾಕಿ, ಬಂದದ್ದನ್ನು ಓದಿ ನೋಡದೆ ಪುಟಗಳಿಗೆ ಸುರಿದಿದ್ದರು. ಹಳೆಯ ಸಂಕೇತದಲ್ಲಿ ಅರ್ಕಾವತ್ತು ಅಕ್ಷರದ ನಂತರ ಬರುತ್ತದೆ. ಅದನ್ನು ಹಿಂದಕ್ಕೆ ತಂದು ಕೂರಿಸದಿದ್ದರೆ ಆ ‘ರ್’ ಮುಂದೆ ಜಾರಿಬಿಡುತ್ತದೆ. ಹಾಗಾಗಿ ನಮ್ಮ ಉಪ್ಪಿನಕಾಯಿ ‘ಒಂದು ವಷರ್’ ಕೆಡುವುದಿಲ್ಲ ಎಂದೂ ಅಂಚೆ ‘ಖಚುರ್’ ಬೇರೆ ಎಂದೂ ಅಚ್ಚಾಗಿತ್ತು. ಇಪ್ಪತ್ತೆರಡು ಪುಟಗಳನ್ನು ನಾನೇ ಕುಳಿತು ತಿದ್ದಿದೆ.

ಮುಖಪುಟದಲ್ಲಿ ಒಂದರ ಹಿಂದೊಂದು ಸರಿಯುವ ಐದು ದೊಡ್ಡ ಚಿತ್ರಗಳನ್ನೂ ಹಾಕಿದ್ದರು. ಅವರ ಕಚೇರಿಯ ಫೈಬರ್ ಸಂಪರ್ಕದಲ್ಲಿ ಅದು ಸೊಗಸಾಗಿ ಓಡುತ್ತಿತ್ತು, ನಮ್ಮೂರಿನ ಸಿಗ್ನಲ್ಲಿನಲ್ಲಿ ಭರಣಿಯ ಅರ್ಧ ಮುಚ್ಚಳ ಕಾಣುವ ಹೊತ್ತಿಗೆ ನೋಡುವವನ ತಾಳ್ಮೆ ಮುಗಿಯುತ್ತಿತ್ತು. ಪುಟದ ಮುಖ್ಯ ಭಾಗ ಎರಡೂವರೆ ಸೆಕೆಂಡಿನೊಳಗೆ ಕಾಣಬೇಕೆಂಬುದು ಗೂಗಲಿನ ಅಳತೆ, ಅದನ್ನು ಪೇಜ್‌ಸ್ಪೀಡ್ ಇನ್‌ಸೈಟ್ಸ್ ಎಂಬ ಉಚಿತ ಸಾಧನದಲ್ಲಿ ಯಾರು ಬೇಕಾದರೂ ಪರೀಕ್ಷಿಸಬಹುದು. ಅದರ ಫಲಿತಾಂಶವನ್ನು ಕಳಿಸಿದ ಮೇಲೆ ಐದು ಚಿತ್ರ ಒಂದಾಯಿತು, ಆ ಒಂದೂ ಹಗುರವಾಯಿತು.

ಎಲ್ಲಕ್ಕಿಂತ ದುಬಾರಿಯಾದ ತಪ್ಪು ಹಳೆಯ ವಿಳಾಸಗಳದು. ಹೊಸ ಸೈಟಿನಲ್ಲಿ ಪ್ರತಿ ಪುಟದ ವಿಳಾಸವೂ ಬದಲಾಗಿತ್ತು. ಹಳೆಯದನ್ನು ತೆರೆದವರನ್ನು ಹೊಸದಕ್ಕೆ ಕಳಿಸುವ 301 ಎಂಬ ಶಾಶ್ವತ ಮರುನಿರ್ದೇಶನವನ್ನು ಹಾಕಲು ಮರೆತಿದ್ದರು. ಗಿರಾಕಿಗಳು ವರ್ಷಗಳಿಂದ ತಮ್ಮ ನೆಂಟರಿಗೆ ಕಳಿಸಿದ್ದ ಲಿಂಕುಗಳೆಲ್ಲ, ಸರಿಯಾಗಿ ಮಿಡಿ ಬರತೊಡಗಿದ ಫೆಬ್ರವರಿಯಲ್ಲಿ, ‘ಪುಟ ಸಿಗಲಿಲ್ಲ’ ಎಂದು ಹೇಳತೊಡಗಿದವು. ಹಳೆಯ ಸೈಟನ್ನು ಅಷ್ಟರಲ್ಲಿ ಅಳಿಸಿಯಾಗಿತ್ತು. ಕೊನೆಗೆ ವೆಬ್ ಪುಟಗಳ ಹಳೆಯ ಪ್ರತಿಗಳನ್ನು ಕಾಪಿಡುವ ಇಂಟರ್‌ನೆಟ್ ಆರ್ಕೈವ್‌ನ ವೇಬ್ಯಾಕ್ ಮಷೀನಿನಲ್ಲಿ ಉಳಿದಿದ್ದ ಹಳೆಯ ಪ್ರತಿಗಳಿಂದ ವಿಳಾಸಗಳ ಪಟ್ಟಿ ಮಾಡಿ ಒಂದೊಂದನ್ನೇ ಜೋಡಿಸಿದರು. ಹತ್ತು ದಿನ ಹೋಯಿತು. ಅದಕ್ಕೆ ಹಣ ಕೇಳಲಿಲ್ಲ ಎಂಬುದನ್ನೂ ಹೇಳಬೇಕು.

ಈಗ ಮಿಡಿಯ ದರ ಏರಿದ ದಿನ ಅತ್ತಿಗೆಯವರೇ ಅಡುಗೆಮನೆಯಿಂದ ಫೋನಿನಲ್ಲಿ ಬೆಲೆ ತಿದ್ದುತ್ತಾರೆ, ಮಾಳಂಜಿ ಮುಗಿದರೆ ‘ಸ್ಟಾಕ್ ಇಲ್ಲ’ ಎಂದು ಹಾಕುತ್ತಾರೆ, ಹಣ ಯುಪಿಐಯಲ್ಲಿ ಬರುತ್ತದೆ. ಕರೆಗಳು ನಿಂತಿಲ್ಲ, ಆದರೆ ಹೆಚ್ಚಿನವು ಪಾರ್ಸೆಲ್ ಎಲ್ಲಿಗೆ ಬಂತು ಎಂದು ಕೇಳುವ ಕರೆಗಳು. ಮೊದಲ ಭೇಟಿಗೆ ಐದಕ್ಕೆ ಐದು, ಕಟ್ಟಿದ ಕೆಲಸಕ್ಕೆ ಮೂರು ಎಂಬುದು ನನ್ನ ಲೆಕ್ಕ. ಪಿನ್‌ಕೋಡಿಗೆ ತಕ್ಕಂತೆ ಅಂಚೆ ವೆಚ್ಚ ತೋರಿಸುವ ಭಾಗವೊಂದು ಹೊರರಾಜ್ಯದ ವಿಳಾಸಗಳಿಗೆ ಇನ್ನೂ ತಪ್ಪು ಲೆಕ್ಕ ಹೇಳುತ್ತಿದೆ. ಮುಂದಿನ ವಾರ ಬಂದು ನೋಡುತ್ತೇವೆ ಎಂದಿದ್ದಾರೆ.