ನಿಯೋನ್ಯಾಟಲಿ ಗೊಂಬೆ: ಮಲೆನಾಡಿನ ಲೇಬರ್ ರೂಮಿಗೆ ಎಷ್ಟು ಉಪಯೋಗ?

ಮಳೆ ಜೋರು ಹಿಡಿದರೆ ಭದ್ರೆ ಹೆಬ್ಬಾಳೆ ಸೇತುವೆಯ ಮೇಲೆ ಹರಿಯುತ್ತದೆ, ಕಳಸ–ಹೊರನಾಡು ದಾರಿ ಬಂದ್. ಕಳಸದಿಂದ ಚಿಕ್ಕಮಗಳೂರಿಗೆ ಮಾಮೂಲಿ ದಿನಗಳಲ್ಲೇ ಸುಮಾರು 90 ಕಿ.ಮೀ. ಘಟ್ಟದ ಹಾದಿ. ಆಷಾಢದಲ್ಲಿ ಇಲ್ಲಿನ ಎಷ್ಟೋ ಊರುಗಳು ದ್ವೀಪಗಳೇ. ಅಂಥ ಕಡೆ ಹುಟ್ಟಿದ ಮಗು ಅಳದೇ ಇದ್ದರೆ 108ಕ್ಕೆ ಫೋನ್ ಮಾಡಿ ಕಾಯುವಷ್ಟು ಹೊತ್ತಿಲ್ಲ. ಮೊದಲ ಒಂದು ನಿಮಿಷದಲ್ಲಿ ಆಗಬೇಕಾದ್ದನ್ನು ಡ್ಯೂಟಿಯಲ್ಲಿರುವ ಸಿಸ್ಟರ್ರೇ ಮಾಡಬೇಕು. ಆ ಒಂದು ನಿಮಿಷವನ್ನು ಕಲಿಸಲೆಂದೇ ಮಾಡಿದ ಗೊಂಬೆ ನಿಯೋನ್ಯಾಟಲಿ. ನಾರ್ವೆಯ ಲೇರ್ಡಾಲ್ ಗ್ಲೋಬಲ್ ಹೆಲ್ತ್ ಎಂಬ ಲಾಭರಹಿತ ಸಂಸ್ಥೆಯದು. ಹುಟ್ಟಿದ ಮಗುವಿಗೆ ಉಸಿರು ಬರಿಸುವುದನ್ನು ಕಲಿಸುವ, 2010ರಲ್ಲಿ ಶುರುವಾದ ‘ಹೆಲ್ಪಿಂಗ್ ಬೇಬೀಸ್ ಬ್ರೀದ್’ ತರಬೇತಿಗಾಗಿ ಮಾಡಿದ್ದು.

ನೋಡಲು ಸಾದಾ ಗೊಂಬೆ. ಕರೆಂಟ್ ಬೇಡ, ಬ್ಯಾಟರಿ ಬೇಡ. ಖಾಲಿ ಇದ್ದಾಗ ಮಡಚಿ ಬ್ಯಾಗಿಗೆ ಹಾಕಿಕೊಂಡು ಸಬ್‌ಸೆಂಟರಿಗೆ ಹೋಗಬಹುದು. ಒಳಗೆ ಗಾಳಿ ತುಂಬಿಯೂ ಬಳಸಬಹುದು, ಆದರೆ ದಯವಿಟ್ಟು ನೀರೇ ತುಂಬಿ. ಸುಮಾರು ಎರಡು ಲೀಟರ್ ಉಗುರುಬೆಚ್ಚಗಿನ ನೀರು ಹಾಕಿದರೆ ತಲೆ ಹಿಂದಕ್ಕೆ ವಾಲುತ್ತದೆ, ಕೈಕಾಲು ಜೋತು ಬೀಳುತ್ತವೆ. ಉಸಿರಾಡದ ಮಗುವನ್ನು ಎತ್ತಿಕೊಂಡರೆ ಕೈಗೆ ಹೇಗಿರುತ್ತದೋ ಹೆಚ್ಚುಕಡಿಮೆ ಹಾಗೇ. ಗಾಳಿ ತುಂಬಿದ್ದು ಬಿಗಿಯಾಗಿ, ಹಗುರವಾಗಿ ಇರುತ್ತದೆ. ಅದರ ಮೇಲೆ ಕಲಿತವರಿಗೆ ನಿಜವಾದ ಮಗುವಿನ ಕುತ್ತಿಗೆ ಹಿಡಿಯುವಾಗ ಗಾಬರಿ.

ಗೊಂಬೆಯಿಂದ ಸಣ್ಣ ಕೊಳವೆಗಳು ಹೊರಬಂದು ಅವುಗಳ ತುದಿಯಲ್ಲಿ ಒತ್ತುವ ಬಲ್ಬ್‌ಗಳಿವೆ. ಒಂದನ್ನು ಒತ್ತಿದರೆ ಎದೆ ಏರುತ್ತದೆ, ಇನ್ನೊಂದಕ್ಕೆ ಹೊಕ್ಕುಳಬಳ್ಳಿ ಮಿಡಿಯುತ್ತದೆ, ಮತ್ತೊಂದಕ್ಕೆ ಅಳು. ಬಲ್ಬ್ ಕಲಿಸುವವರ ಕೈಯಲ್ಲಿ, ಅದೂ ಬಟ್ಟೆಯ ಕೆಳಗೆ ಇರಬೇಕು. ತರಬೇತಿ ಕೆಡುವುದು ಬಹುಪಾಲು ಇಲ್ಲೇ: ಕಲಿಯುವವರು ಬೆವರುವುದು ಕಂಡು ಪಾಪ ಅನ್ನಿಸಿ ಕಲಿಸುವವರು ಅಳುವ ಬಲ್ಬ್ ಒತ್ತಿಬಿಡುತ್ತಾರೆ. ಎದೆ ಏರದಿದ್ದರೂ ಮಗು ಅತ್ತಿತು ಎಂಬ ಪಾಠ ಕೈಗೆ ಕೂತುಬಿಡುತ್ತದೆ. ಮಾಸ್ಕ್ ಮೂಲಕ ಗಾಳಿ ಊದುವ ಆಂಬು ಬ್ಯಾಗ್ ಒತ್ತಿದಾಗ ಎದೆ ಸಾಲಾಗಿ ನಾಲ್ಕೈದು ಸಲ ಚೆನ್ನಾಗಿ ಏರುವವರೆಗೆ ಅಳಿಸಲೇಬಾರದು.

ಇದರ ನಿಜವಾದ ಗುಣ ಇರುವುದು ಗಂಟಲಲ್ಲಿ. ತಲೆ ಸರಿಯಾಗಿ ಇಡದಿದ್ದರೆ, ಮಾಸ್ಕ್ ಪಕ್ಕದಲ್ಲಿ ಗಾಳಿ ಸೋರಿದರೆ ಎದೆ ಏಳುವುದಿಲ್ಲ. ಮಾಸ್ಕ್ ಗದ್ದ, ಬಾಯಿ, ಮೂಗು ಮುಚ್ಚಬೇಕು, ಕಣ್ಣಿಗೆ ತಾಗಬಾರದು. ತಿಂಗಳು ತುಂಬಿದ ಮಗುವಿಗೆ 1ನೇ ಸೈಜು, ತುಂಬದ್ದಕ್ಕೆ 0. ಸಾಮಾನ್ಯವಾಗಿ ತಪ್ಪುವುದು ಮೂರು ಕಡೆ. ದೊಡ್ಡವರಿಗೆ ಮಾಡಿದಂತೆ ಕುತ್ತಿಗೆಯನ್ನು ತೀರಾ ಹಿಂದಕ್ಕೆ ಬಗ್ಗಿಸುವುದು ಮೊದಲನೆಯದು: ಮಗುವಿನ ಶ್ವಾಸನಾಳ ಮೆತ್ತಗಿರುವುದರಿಂದ ಹೀಗೆ ಮಾಡಿದರೂ ದಾರಿ ಮುಚ್ಚುತ್ತದೆ. ಹೆಗಲ ಕೆಳಗೆ ಬಟ್ಟೆಯ ತೆಳು ಮಡಿಕೆ ಇಟ್ಟು, ಮೂಗು ಸ್ವಲ್ಪ ಮೇಲಕ್ಕೆ ಬಂದರೆ ಸಾಕು. ಎರಡನೆಯ ತಪ್ಪು, ಗದ್ದದ ಎಲುಬು ಬಿಟ್ಟು ಅದರ ಕೆಳಗಿನ ಮೆತ್ತನೆ ಜಾಗಕ್ಕೆ ಬೆರಳು ಒತ್ತಿದರೆ ನಾಲಿಗೆ ಹಿಂದಕ್ಕೆ ಹೋಗುತ್ತದೆ. ಇನ್ನು ಅವಸರ. ನಿಮಿಷಕ್ಕೆ 40 ಸಲ, ಅಂದರೆ ‘ಒತ್ತು – ಎರಡು – ಮೂರು’ ಎಂದು ಬಾಯಲ್ಲೇ ಎಣಿಸುತ್ತ ಒತ್ತಬೇಕು. ಎಣಿಸದೆ ಒತ್ತುವವರು ನೂರಕ್ಕೆ ಹೋಗಿಬಿಡುತ್ತಾರೆ, ಗಾಳಿ ಹೊರಬರಲು ಪುರಸೊತ್ತೇ ಇರುವುದಿಲ್ಲ.

ಎದೆ ಏರುತ್ತಿಲ್ಲವೇ? ಮಾಸ್ಕ್ ಮತ್ತೆ ಕೂರಿಸಿ, ತಲೆ ಸರಿಮಾಡಿ. ಆಗಲೂ ಇಲ್ಲವೆಂದರೆ ಬಾಯಿ, ಆಮೇಲೆ ಮೂಗು ನೋಡಿ ಸಕ್ಷನ್ ಮಾಡಿ (ಒಳಗಿನ ಲೋಳೆ ಹೀರಿ ತೆಗೆಯಿರಿ), ಬಾಯಿ ತುಸು ತೆರೆದಿರುವಂತೆ ಹಿಡಿಯಿರಿ. ಕೊನೆಗೆ ಬ್ಯಾಗ್ ಇನ್ನಷ್ಟು ಬಲವಾಗಿ ಒತ್ತಿ. ಈ ಕ್ರಮ ಬಾಯಿಪಾಠ ಆದರೆ ಪ್ರಯೋಜನವಿಲ್ಲ, ಕೈಗೆ ಬರಬೇಕು. ಹುಟ್ಟಿದ ಕೂಡಲೇ ಚೆನ್ನಾಗಿ ಒರೆಸಿ ಒದ್ದೆ ಬಟ್ಟೆ ತೆಗೆದುಹಾಕುವುದನ್ನೂ ಗೊಂಬೆಯ ಮೇಲೆ ಬಿಡದೆ ಮಾಡಿಸಿ. ‘ಅದೆಲ್ಲ ಗೊತ್ತು ಸಾರ್’ ಎಂದು ನೇರ ಆಂಬು ಬ್ಯಾಗಿಗೆ ಕೈಹಾಕುವವರೇ ಹೆಚ್ಚು.

ಈಗ ದುಡ್ಡು ಹಾಕಬೇಕೋ ಬೇಡವೋ ಅನ್ನುವ ಮಾತು. ನೂರು ಮಕ್ಕಳಲ್ಲಿ ಸುಮಾರು ಹತ್ತಕ್ಕೆ ಉಸಿರು ಶುರುವಾಗಲು ಏನಾದರೊಂದು ಸಹಾಯ ಬೇಕು. ಆಂಬು ಬ್ಯಾಗಿನವರೆಗೆ ಹೋಗುವುದು ಮೂರರಿಂದ ಆರು. ತಿಂಗಳಿಗೆ ಎಂಟು ಹೆರಿಗೆ ಆಗುವ ಪಿಎಚ್‌ಸಿಯಲ್ಲಿ ವರ್ಷಕ್ಕೆ ಅಂಥವು ಮೂರೋ ಐದೋ. ಮೂವರು ಸಿಸ್ಟರ್ ಪಾಳಿಯಲ್ಲಿ ಹಂಚಿಕೊಂಡರೆ ಒಬ್ಬೊಬ್ಬರ ಪಾಲಿಗೆ ವರ್ಷಕ್ಕೆ ಒಂದೆರಡು. ಹೀಗಿರುವಾಗ ಕಲಿತದ್ದು ಕೈಯಲ್ಲಿ ಉಳಿಯುವುದು ಹೇಗೆ? 2009ರಿಂದ ನಡೆದುಬಂದಿರುವ ನವಜಾತ ಶಿಶು ಸುರಕ್ಷಾ ಕಾರ್ಯಕ್ರಮದ ಎರಡು ದಿನದ ತರಬೇತಿ ಒಳ್ಳೆಯದೇ. ತೊಂದರೆ ಬರುವುದು ಅದಾದ ಮೇಲಿನ ತಿಂಗಳುಗಳಲ್ಲಿ.

ತಾಂಜಾನಿಯಾದ ಹೈಡಮ್ ಆಸ್ಪತ್ರೆಯಲ್ಲಿ ಇದನ್ನು ಅಳೆದು ನೋಡಿದ್ದಾರೆ. ಒಂದು ದಿನದ ತರಬೇತಿಯಾದ ಮೇಲೆ ಗೊಂಬೆಯ ಪರೀಕ್ಷೆಯಲ್ಲಿ ಸಿಬ್ಬಂದಿ ಸುಧಾರಿಸಿದರು, ಲೇಬರ್ ರೂಮಿನ ಕೆಲಸ ಮಾತ್ರ ಬದಲಾಗಲಿಲ್ಲ. ಆಮೇಲೆ ವಾರಕ್ಕೊಮ್ಮೆ 3ರಿಂದ 5 ನಿಮಿಷ, ತಿಂಗಳಿಗೊಮ್ಮೆ 40 ನಿಮಿಷ ಅಲ್ಲೇ ಅಭ್ಯಾಸ ಶುರುಮಾಡಿದರು. ಮೊದಲ 24 ಗಂಟೆಯ ಶಿಶುಮರಣ ಸಾವಿರಕ್ಕೆ 11.1 ಇದ್ದದ್ದು 7.2ಕ್ಕೆ ಇಳಿಯಿತು. ನಮ್ಮದೇ ರಾಜ್ಯದಲ್ಲಿ, ಬೆಳಗಾವಿಯ ಜವಾಹರಲಾಲ್ ನೆಹರೂ ವೈದ್ಯಕೀಯ ಕಾಲೇಜಿನವರು 599 ಹೆರಿಗೆ ಸಿಬ್ಬಂದಿಗೆ ಈ ತರಬೇತಿ ಕೊಟ್ಟು 2013ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಸತ್ತು ಹುಟ್ಟಿದವು ಎಂದು ಬರೆಸಿಕೊಂಡ ಮಕ್ಕಳ ಪ್ರಮಾಣ ಶೇ. 3.0ರಿಂದ 2.3ಕ್ಕೆ ಬಂತು. ನವಜಾತ ಶಿಶುಮರಣ ಇಳಿಯಲಿಲ್ಲ ಎಂಬುದನ್ನೂ ಹೇಳಬೇಕು: ಉಸಿರಾಡತೊಡಗಿದ ಮಗುವಿಗೆ ಮುಂದೆ ಬಿಸಿ, ಎದೆಹಾಲು, ಬೇಕಾದರೆ ಎಸ್‌ಎನ್‌ಸಿಯು (ನವಜಾತ ಶಿಶುಗಳ ವಿಶೇಷ ಆರೈಕೆ ಘಟಕ) ಸಿಗಬೇಕು. ಗೊಂಬೆ ಅದನ್ನೆಲ್ಲ ಕೊಡುವುದಿಲ್ಲ.

ಹಾಗಾಗಿ ಗೊಂಬೆ ಇರಬೇಕಾದ್ದು ಮಗುವನ್ನು ಬೆಚ್ಚಗಿಡುವ ವಾರ್ಮರ್ ಪಕ್ಕದ ಮೇಜಿನ ಮೇಲೆ. ಸ್ಟೋರಿನಲ್ಲಿಟ್ಟು ಬೀಗ ಹಾಕಿ, ಕೀಲಿ ಫಾರ್ಮಸಿಸ್ಟ್ ಹತ್ತಿರ ಇದ್ದರೆ ಕೊಂಡದ್ದು ದಂಡ. ಪಾಳಿ ಬದಲಾಗುವಾಗ ಬರುವವರೂ ಹೋಗುವವರೂ ಒಂದೊಂದು ಸಲ ಮಾಡಲಿ, ಐದು ನಿಮಿಷದ ಕೆಲಸ.

ಮಲೆನಾಡಿನವರಿಗೆ ಇನ್ನೊಂದು ಕಾಟ, ಬೂಷ್ಟು. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಒಳಗೆ ನೀರು ನಿಲ್ಲಿಸಿಟ್ಟರೆ ವಾಸನೆ ಗ್ಯಾರಂಟಿ. ಅಭ್ಯಾಸ ಮುಗಿದ ಮೇಲೆ ನೀರು ಪೂರ್ತಿ ಚೆಲ್ಲಿ, ಮುಚ್ಚಳ ತೆರೆದು ತಲೆಕೆಳಗಾಗಿ ನೇತುಹಾಕಿ. ಮೈಯನ್ನು ಸೋಪುನೀರಿನಲ್ಲಿ ಒರೆಸಿ. ಚುಚ್ಚುವ ವಸ್ತು ಹತ್ತಿರ ಬೇಡ: ಸೀರೆಯ ಪಿನ್ನು ಸಾಕು ತೂತಾಗಲು.

ಇಂಟ್ಯುಬೇಶನ್ (ಶ್ವಾಸನಾಳಕ್ಕೆ ಕೊಳವೆ ಹಾಕುವುದು) ಕಲಿಯಲು ಇದು ಆಗದು. ಹಾಸನ, ಚಿಕ್ಕಮಗಳೂರಿನ ಮೆಡಿಕಲ್ ಕಾಲೇಜುಗಳಿಗೆ ಬೇರೆ ತರಬೇತಿ ಗೊಂಬೆ ಬೇಕು. ಪಿಎಚ್‌ಸಿ, ತಾಲ್ಲೂಕು ಆಸ್ಪತ್ರೆ, ನರ್ಸಿಂಗ್ ಶಾಲೆಗಳಿಗೆ ಇಷ್ಟೇ ಸಾಕು. ತರಗತಿಯಲ್ಲಾದರೆ ಇಬ್ಬರಿಗೆ ಒಂದು ಗೊಂಬೆ, ಆರು ಜನಕ್ಕೆ ಒಬ್ಬರು ಕಲಿಸುವವರು ಇರಲಿ. ಪೂರ್ತಿ ಸೆಟ್ ತರಿಸಿದರೆ ಆಂಬು ಬ್ಯಾಗ್, ಮಾಸ್ಕ್, ಬಿಡಿಸಿ ಕುದಿಸಬಹುದಾದ ಪೆಂಗ್ವಿನ್ ಸಕ್ಷನ್ ಜೊತೆಗೇ ಬರುತ್ತವೆ. ಬಂದ ದಿನವೇ ಅವುಗಳ ಮೇಲೆ ಅಳಿಸದ ಮಾರ್ಕರ್‌ನಲ್ಲಿ ‘ತರಬೇತಿಗೆ ಮಾತ್ರ’ ಎಂದು ದೊಡ್ಡದಾಗಿ ಬರೆಯಿರಿ. ರಾತ್ರಿ ಗಡಿಬಿಡಿಯಲ್ಲಿ ಆ ಬ್ಯಾಗು ನಿಜವಾದ ಮಗುವಿನ ಮೂತಿಗೆ ಹೋಗಬಾರದು, ವಾರ್ಮರ್ ಮೇಲಿನದು ಗೊಂಬೆಗೆ ಬರಬಾರದು.